ಸಾವಿರದಾಚೆಯ ಕೇಳುಗ



ಒಂದು ಉಪನ್ಯಾಸವನ್ನು ಅಂತರ್ಜಾಲ ರೇಡಿಯೋ ಮೂಲಕ ಊರೂರಿಗೆ ತಲುಪಿಸುವುದು ಈಗ ದುಬಾರಿ ಕೆಲಸವೇನಲ್ಲ. ಲಿನಕ್ಸ್ ಇರುವ ಒಂದು ಕಂಪ್ಯೂಟರ್, ಐಸ್‌ಕಾಸ್ಟ್ ಎಂಬ ಉಚಿತ ಸರ್ವರ್ ತಂತ್ರಾಂಶ, ಒಂದು ಮೈಕು ಇದ್ದರೆ ಸಾಕು. ಆದರೆ ಏಕಕಾಲಕ್ಕೆ ಎಷ್ಟು ಜನ ಕೇಳಬಹುದು? ಹೆಚ್ಚಿನವರು ಇಂಟರ್‌ನೆಟ್ ವೇಗದ ಮಾತಾಡುತ್ತಾರೆ. ಅದೂ ನಿಜವೇ. ಸೆಕೆಂಡಿಗೆ 128 ಕಿಲೋಬಿಟ್‌ನ ಧ್ವನಿಯನ್ನು 1000 ಜನ ಕೇಳಿದರೆ 128 ಮೆಗಾಬಿಟ್ ಹೊರಹೋಗಬೇಕು. ಬರೀ ಮಾತಿಗೆ 48 ಕಿಲೋಬಿಟ್ ಸಾಕಾಗುತ್ತದೆ.

ವೇಗ ಧಾರಾಳವಾಗಿದ್ದರೂ ಆಪರೇಟಿಂಗ್ ಸಿಸ್ಟಮ್ ತಡೆಯಬಹುದು. ಲಿನಕ್ಸ್ ತಾನು ತೆರೆದ ಪ್ರತಿ ಫೈಲಿಗೂ ಒಂದು ಸಂಖ್ಯೆ ಕೊಡುತ್ತದೆ, ನಮ್ಮ ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ. ಕೇಳುಗನ ಸಂಪರ್ಕವೂ ಅದರ ಲೆಕ್ಕದಲ್ಲಿ ಒಂದು ಫೈಲೇ. ಒಂದು ತಂತ್ರಾಂಶಕ್ಕೆ ಸಿಗುವ ಸಂಖ್ಯೆಗಳು ಸಾಮಾನ್ಯವಾಗಿ 1024. ಅದರಲ್ಲಿ ಕೆಲವು ಸರ್ವರಿನ ಸ್ವಂತ ಕೆಲಸಕ್ಕೇ ಹೋಗುತ್ತವೆ. ಸಾವಿರ ಚಿಲ್ಲರೆ ಕೇಳುಗರಾದರೆ ಪುಸ್ತಕ ತುಂಬಿತು.

ಆಮೇಲಿನದ್ದೇ ತೊಂದರೆ. ಒಳಗಿರುವವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತಲೇ ಇರುತ್ತದೆ. ಹಾಗಾಗಿ ನಡೆಸುವವರಿಗೆ ಅನುಮಾನ ಬರುವುದಿಲ್ಲ. ಹೊರಗುಳಿದವನ ಫೋನು ಮಾತ್ರ ಸಂಪರ್ಕಕ್ಕಾಗಿ ಕಾಯುತ್ತಾ ಕೂರುತ್ತದೆ. ತನ್ನ ಫೋನೇ ಕೆಟ್ಟಿದೆ ಎಂದುಕೊಂಡು ಅವನು ಎದ್ದುಹೋಗುತ್ತಾನೆ. 'ಟೂ ಮೆನಿ ಓಪನ್ ಫೈಲ್ಸ್' ಎಂಬ ದೂರು ಸರ್ವರಿನ ದಾಖಲೆಯಲ್ಲಿ ಬಿದ್ದಿರುತ್ತದೆ. ಅದನ್ನು ತೆರೆದು ನೋಡುವವರು ಯಾರು?

ಪೋರ್ಟುಗಳು 65,535 ಇರುವುದರಿಂದ ಅದೇ ಮಿತಿ ಎನ್ನುವವರೂ ಇದ್ದಾರೆ. ಅದು ತಪ್ಪು ತಿಳುವಳಿಕೆ. ಕೇಳುಗರೆಲ್ಲ ಬರುವುದು ಒಂದೇ ಪೋರ್ಟಿಗೆ, ಸಾಮಾನ್ಯವಾಗಿ 8000ಕ್ಕೆ. ಅವರನ್ನು ಬೇರ್ಪಡಿಸುವುದು ಅವರ ಕಡೆಯ ವಿಳಾಸ ಮತ್ತು ಪೋರ್ಟು.

ಒಂದೇ ಸರ್ವರಿಗೆ ಹತ್ತು ಸಾವಿರ ಸಂಪರ್ಕ ಹೇಗೆ ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲೇ ಎತ್ತಿದ್ದರು. 2003ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಇದಕ್ಕೆ ನೆರವಾಗುವ ಈಪೋಲ್ ಎಂಬ ಸೌಲಭ್ಯವಿತ್ತು. ಎಂದರೆ ಯಂತ್ರಕ್ಕೆ ಶಕ್ತಿ ಇದೆ. 1024 ಎಂಬುದು ಬದಲಿಸಬಹುದಾದ ಅಂಕಿ, ಅಷ್ಟೆ.

ನೀವು ಮೊದಲು ಐಸ್‌ಕಾಸ್ಟ್‌ನ ಸ್ವಂತ ಮಿತಿ ನೋಡಿ. ಅದರ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ ಕೇಳುಗರ ಮಿತಿ ಕೇವಲ 100! ಆಮೇಲೆ ಲಿನಕ್ಸ್‌ನ ಮಿತಿ. ಕೈಯಾರೆ ಚಾಲೂ ಮಾಡುವುದಾದರೆ 'ಯುಲಿಮಿಟ್' ಆಜ್ಞೆಯಿಂದ ಏರಿಸಬಹುದು. ಯಂತ್ರ ಆನ್ ಆದಾಗ ಸಿಸ್ಟಮ್‌ಡಿ ಮೂಲಕ ತಾನಾಗಿ ಏಳುವ ಸರ್ವರಿಗೆ ಅದು ತಟ್ಟುವುದಿಲ್ಲ. ಅದರ ಸರ್ವಿಸ್ ಫೈಲಿನಲ್ಲಿ 'ಲಿಮಿಟ್‌ನೋಫೈಲ್' ಎಂಬಲ್ಲಿ ಬರೆಯಬೇಕು. ಇದೆಲ್ಲ ಹಿಂದಿನ ದಿನವೇ ಆಗಲಿ. ಸಾಮಾನ್ಯವಾಗಿ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಾಗುತ್ತದೆ, ಆಗ ಕೇಳುತ್ತಿದ್ದವರೆಲ್ಲರ ಸಂಪರ್ಕವೂ ಕಡಿದುಹೋಗುತ್ತದೆ.