ದುಡಿಯೋ ಕೈ ಬೇಕು, ಮನುಷ್ಯ ಬೇಡ

(ಹಾಸ್ಟೆಲ್ ಸಭೆಯಲ್ಲಿ ಆಡಿದ ಮಾತು)



‘ಹೊರಗಿನವರು ಬಂದು ನಮ್ಮ ಕೂಲಿ ಕೆಡಿಸಿದರು’ ಅನ್ನೋ ಮಾತು ನಮ್ಮ ಹಾಸ್ಟೆಲುಗಳಲ್ಲೂ ಕೇಳಿಬರುತ್ತಿದೆ. ಈ ಮಾತಿನಿಂದ ಲಾಭ ಯಾರಿಗೆ? ಅಮೆರಿಕದ ಹೊಲಗದ್ದೆಗಳಲ್ಲಿ ಏನಾಯಿತು ನೋಡೋಣ.

ಅಲ್ಲಿ 1935ರಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿನ ಕಾನೂನು ಬಂತು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟರು. ಕಪ್ಪು ಜನರಲ್ಲಿ ಹೆಚ್ಚಿನವರು ಆಗ ಈ ಎರಡು ಕೆಲಸದಲ್ಲೇ ಇದ್ದರು. ಹೊರಗಿಡೋದು ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1942ರಿಂದ 1964ರವರೆಗೆ ಮೆಕ್ಸಿಕೋದಿಂದ ಲಕ್ಷಾಂತರ ಜನರನ್ನು ಕರಾರಿನ ಮೇಲೆ ತರಿಸಿಕೊಂಡರು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಹೊಡೆದರು. ಮೊದಲ ವರ್ಷಗಳಲ್ಲಿ ಕೂಲಿಯಲ್ಲಿ ನೂರಕ್ಕೆ 10 ಹಿಡಿದಿಟ್ಟರು. ಎಷ್ಟೋ ಮಂದಿಗೆ ಆ ದುಡ್ಡು ಕೈಸೇರಲೇ ಇಲ್ಲ. ದುಡಿಯೋ ಕೈ ಬೇಕಾಗಿತ್ತು, ಮನುಷ್ಯ ಬೇಡವಾಗಿದ್ದ.

ಫಿಲಿಪೀನ್ಸಿನವರು ಮುಷ್ಕರ ಹೂಡಿದರೆ ಮೆಕ್ಸಿಕನ್ನರನ್ನು ಕರೆಸೋದು, ಇವರು ಎದ್ದರೆ ಅವರನ್ನು ಕರೆಸೋದು. ಇದು ಧಣಿಗಳ ಆಟ. 1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಡೆಲಾನೊದಲ್ಲಿ ಈ ಆಟ ಕೆಟ್ಟಿತು. ಲ್ಯಾರಿ ಇಟ್ಲಿಯಾಂಗ್ ಮುಂದಾಳ್ತನದಲ್ಲಿ ಫಿಲಿಪೀನ್ಸಿನ ಕೂಲಿಗಳು ದ್ರಾಕ್ಷಿ ಕೊಯ್ಲು ನಿಲ್ಲಿಸಿದರು. ಎಂಟೇ ದಿನಕ್ಕೆ ಮೆಕ್ಸಿಕನ್ನರ ಸಂಘವೂ ಜೊತೆಗೂಡಿತು. ಐದು ವರ್ಷ ಹಿಡಿಯಿತು. 1970ರಲ್ಲಿ ಧಣಿಗಳು ಒಪ್ಪಂದಕ್ಕೆ ಸಹಿ ಹಾಕಿದರು.

ಅದೇ ಸಂಘ ಮುಂದೆ ಎಡವಿತು ಕೂಡ. 1974ರಲ್ಲಿ ಕಾಗದಪತ್ರ ಇಲ್ಲದ ಕೂಲಿಗಳನ್ನು ವಲಸೆ ಇಲಾಖೆಗೆ ತೋರಿಸಿಕೊಡುವ ಚಳವಳಿಯನ್ನೇ ನಡೆಸಿತು. ಬಡವ ಬಡವನನ್ನೇ ಹಿಡಿದುಕೊಟ್ಟ.

1986ರ ವಲಸೆ ಕಾನೂನು ಸುಮಾರು 27 ಲಕ್ಷ ಮಂದಿಗೆ ನೆಲೆಸುವ ಹಕ್ಕು ಕೊಟ್ಟಿತು, ನಿಜ. ಕಾಗದವಿಲ್ಲದವರನ್ನು ಗೊತ್ತಿದ್ದೂ ಕೆಲಸಕ್ಕಿಟ್ಟುಕೊಂಡರೆ ಅಪರಾಧ ಅಂತಲೂ ಬರೆಯಿತು. ದಂಡ ಧಣಿಗೆ ಅಂದರು. ಹೆದರಿಕೆ ಕೂಲಿಯವನ ಪಾಲಾಯಿತು. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇನ್ನೂ ಒಂದು ಮಾತು ಹೇಳಿತು: ಸಂಘ ಕಟ್ಟಲು ಹೋಗಿ ಕೆಲಸ ಕಳಕೊಂಡವನ ಬಳಿ ಕಾಗದವಿಲ್ಲದಿದ್ದರೆ, ತಪ್ಪಿಹೋದ ಸಂಬಳ ಅವನಿಗೆ ಕೊಡಬೇಕಿಲ್ಲ. ಅಂದಮೇಲೆ ಧಣಿ ಯಾರನ್ನು ಹುಡುಕುತ್ತಾನೆ? ಬಾಯಿ ಬಿಡಲಾಗದವನನ್ನೇ.

ಆದ್ದರಿಂದ ನಾವು ಹೇಳೋದಿಷ್ಟೆ. ಕೂಲಿ ಇಳಿಸೋದು ವಲಸೆ ಬಂದವನಲ್ಲ, ಅವನ ಬಾಯಿ ಕಟ್ಟಿರುವ ಭಯ. ಯಾವ ದೇಶದ ವಲಸೆ ಕಾನೂನೇ ಇರಲಿ, ಪೂರಾ ಕೂಲಿಗೂ ಸಂಘ ಸೇರೋದಕ್ಕೂ ಕಾಗದ ಕೇಳಬಾರದು.

ನಮ್ಮ ಅಪ್ಪ ಅವ್ವಂದಿರೂ ಗಂಟುಮೂಟೆ ಕಟ್ಟಿಕೊಂಡು ಕೂಲಿ ಹುಡುಕಿ ಹೋದವರೇ. ಇವತ್ತು ನಮ್ಮ ಕಾಫಿ ತೋಟಕ್ಕೆ ಅಸ್ಸಾಮಿನವರು, ಕಟ್ಟಡದ ಕೆಲಸಕ್ಕೆ ಬಿಹಾರದವರು ಬಂದಿದ್ದಾರೆ. ರಜಕ್ಕೆ ಊರಿಗೆ ಹೋದಾಗ ಅವರ ಪಕ್ಕ ಕೂತು ದಿನಗೂಲಿ ಎಷ್ಟು ಅಂತ ಕೇಳಿ. ಅವರ ಕೂಲಿ ಏರಿದರೇನೇ ನಮ್ಮವರ ಕೂಲಿ ಉಳಿಯೋದು.

ಜೈಭೀಮ್.