ಸ್ನಾಯು ಹೇಗೆ ದುಡಿಯುತ್ತದೆ?



ಬೆಳಗಿನಿಂದ ನಾವು ಏನೆಲ್ಲ ಮಾಡಿದೆವು? ಕಸ ಗುಡಿಸಿದೆವು. ನೀರು ತಂದೆವು. ರೊಟ್ಟಿ ತಟ್ಟಿದೆವು. ಹೊಲದಲ್ಲಿ ಕಳೆ ಕಿತ್ತೆವು. ಈಗ ಇಲ್ಲಿ ಬಂದು ಕೂತಿದ್ದೇವೆ. ರಟ್ಟೆ ನೋವು, ಮೀನಖಂಡ ನೋವು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೇವೆ. ನೋಯುತ್ತಿರುವುದು ಯಾವುದು? ದಿನವೆಲ್ಲ ದುಡಿದ ಸ್ನಾಯು. ಮಾಂಸಖಂಡ ಅಂತಲೂ ಅದನ್ನು ಕರೆಯುತ್ತಾರೆ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಸ್ನಾಯುಗಳಲ್ಲಿ ಮೂರು ಬಗೆ. ಮೊದಲನೆಯದು ಮೂಳೆಗೆ ಅಂಟಿಕೊಂಡಿರುವ ಸ್ನಾಯು. ಇಂಥವು ನಮ್ಮ ಮೈಯಲ್ಲಿ 600ಕ್ಕೂ ಹೆಚ್ಚು ಇವೆ. ಇವು ನಮ್ಮ ಮಾತು ಕೇಳುತ್ತವೆ. ಕೈ ಎತ್ತಬೇಕು ಅಂದುಕೊಂಡರೆ ಕೈ ಏಳುತ್ತದೆ. ಸಾಕು ಅಂದುಕೊಂಡರೆ ಇಳಿಯುತ್ತದೆ.

ಆದರೆ ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು. ತಳ್ಳುವುದು ಗೊತ್ತಿಲ್ಲ. ಎಡಗೈಯಿಂದ ಬಲಗೈ ರಟ್ಟೆ ಹಿಡಿದುಕೊಳ್ಳಿ. ಈಗ ಬಲಗೈ ಮಡಚಿ. ರಟ್ಟೆಯ ಮುಂದಿನ ಸ್ನಾಯು ಉಬ್ಬಿ ಗಟ್ಟಿ ಆಯಿತಲ್ಲ? ಅದು ಗಿಡ್ಡ ಆಗಿ ಮುಂಗೈಯನ್ನು ಮೇಲಕ್ಕೆ ಎಳೆಯಿತು. ಕೈ ಚಾಚಬೇಕಾದರೆ ರಟ್ಟೆಯ ಹಿಂದಿನ ಸ್ನಾಯು ಎಳೆಯಬೇಕು. ಬೀಸುವ ಕಲ್ಲನ್ನು ತಳ್ಳುತ್ತೇವಲ್ಲ ಅಂತ ನೀವು ಕೇಳಬಹುದು. ತಳ್ಳುವುದು ಕೈ. ಒಳಗಿನ ಸ್ನಾಯು ಆಗಲೂ ಮೂಳೆಯನ್ನು ಎಳೆಯುತ್ತಲೇ ಇರುತ್ತದೆ.

ಅದು ಗಿಡ್ಡ ಆಗುವುದು ಹೇಗೆ? ಎರಡೂ ಕೈ ಎದೆಯ ಮುಂದೆ ತನ್ನಿ. ಬೆರಳ ತುದಿಗಳು ಎದುರುಬದುರು ಇರಲಿ. ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈಯ ಬೆರಳ ಸಂದಿಗೆ ಮೆಲ್ಲಗೆ ತೂರಿಸಿ. ನೋಡಿ, ಎರಡು ಅಂಗೈಗಳೂ ಹತ್ತಿರ ಬಂದವು. ಆದರೆ ಬೆರಳು ಗಿಡ್ಡ ಆಯಿತೇ? ಇಲ್ಲ. ಸ್ನಾಯುವಿನ ಒಳಗೂ ಹೀಗೇ. ಅಲ್ಲಿ ಕಣ್ಣಿಗೆ ಕಾಣದ ದಪ್ಪ ನಾರು, ತೆಳು ನಾರುಗಳಿವೆ. ದಪ್ಪ ನಾರಿಗೆ ಪುಟ್ಟ ಪುಟ್ಟ ಕೈಗಳಿವೆ. ಅವು ತೆಳು ನಾರನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತವೆ. ಬಾವಿಯಿಂದ ನೀರು ಸೇದುವಾಗ ನಾವು ಹಗ್ಗದ ಮೇಲೆ ಕೈ ಬದಲಾಯಿಸುತ್ತೇವಲ್ಲ, ಹಾಗೆಯೇ. ನಾರುಗಳು ಹೀಗೆ ಒಂದರ ಸಂದಿಗೆ ಒಂದು ಜಾರುತ್ತವೆ ಅಂತ ವಿಜ್ಞಾನಿಗಳು ಹೇಳಿದ್ದು 1954ರಲ್ಲಿ. ಅವರಲ್ಲಿ ಒಬ್ಬರು ಜೀನ್ ಹ್ಯಾನ್ಸನ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು.

ಈ ಕೆಲಸಕ್ಕೆ ನರದ ಮೂಲಕ ಅಪ್ಪಣೆ ಬರಬೇಕು. ಅಪ್ಪಣೆ ಬಂದಾಗ ಸ್ನಾಯುವಿನೊಳಗೆ ಕೂಡಿಟ್ಟಿದ್ದ ಸುಣ್ಣದ ಅಂಶ ಹೊರಗೆ ಬರುತ್ತದೆ. ಆಗ ನಾರಿನ ಮೇಲೆ ಹಿಡಿಯುವ ಜಾಗ ತೆರೆಯುತ್ತದೆ. ಸುಣ್ಣದ ಅಂಶ ಅಂದೆವು ಅಂತ ಎಲೆಗೆ ಹೆಚ್ಚು ಸುಣ್ಣ ಹಚ್ಚಬೇಡಿ ಮತ್ತೆ! ಅದು ರಾಗಿಯಲ್ಲಿದೆ, ಹಾಲಿನಲ್ಲಿದೆ. ಶಕ್ತಿಯೂ ಬೇಕು. ಅದು ಉಂಡ ಅನ್ನದಿಂದ, ರಕ್ತ ಹೊತ್ತು ತರುವ ಪ್ರಾಣವಾಯುವಿನಿಂದ ಸಿಗುತ್ತದೆ. ವಿಚಿತ್ರ ಕೇಳಿ. ಹಿಡಿದದ್ದನ್ನು ಬಿಡುವುದಕ್ಕೂ ಶಕ್ತಿ ಬೇಕು. ಸತ್ತವರ ಮೈ ಕೆಲವು ಗಂಟೆಯಲ್ಲಿ ಸೆಟೆಯುತ್ತದಲ್ಲ, ಅದು ಇದಕ್ಕೇ. ಒಳಗೆ ಶಕ್ತಿ ಮುಗಿದಿದೆ. ಹಿಡಿದ ಪುಟ್ಟ ಕೈಗಳು ಬಿಡಲಾರವು.

ಎರಡನೆಯ ಬಗೆ ಹೃದಯದ ಸ್ನಾಯು. ಇದು ಯಾರ ಅಪ್ಪಣೆಗೂ ಕಾಯುವುದಿಲ್ಲ. ತನ್ನಷ್ಟಕ್ಕೆ ತಾನೇ ಬಡಿಯುತ್ತದೆ. ನಿಮಿಷಕ್ಕೆ ಸುಮಾರು 72 ಸಲ, ದಿನಕ್ಕೆ ಒಂದು ಲಕ್ಷ ಸಲ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಸಿಗುವ ಕ್ಷಣವೇ ಅದರ ಬಿಡುವು.

ಮೂರನೆಯದು ನಯವಾದ ಸ್ನಾಯು. ಕರುಳು, ಮೂತ್ರಕೋಶ, ರಕ್ತನಾಳಗಳ ಗೋಡೆಯಲ್ಲಿ ಇದು ಇದೆ. ಹಿಡಿದು ಎಳೆಯುವ ನಾರುಗಳು ಇದರಲ್ಲೂ ಇವೆ. ಆದರೆ ಇದು ನಮ್ಮ ಮಾತು ಕೇಳುವುದಿಲ್ಲ. ನಿಧಾನ, ಬೇಗ ದಣಿಯುವುದೂ ಇಲ್ಲ. ನಾವು ಮಲಗಿದ್ದಾಗಲೂ ಉಂಡದ್ದನ್ನು ಕರುಳಿನಲ್ಲಿ ಮುಂದೆ ಸಾಗಿಸುತ್ತಿರುತ್ತದೆ.

ನಮ್ಮ ಗರ್ಭಕೋಶವೂ ಈ ಸ್ನಾಯುವಿನದೇ. ಇಲ್ಲಿ ಸ್ವಲ್ಪ ನಿಲ್ಲೋಣ.

ಬಸಿರಿಲ್ಲದಾಗ ಗರ್ಭಕೋಶ ಒಂದು ಸೀಬೆಹಣ್ಣಿನಷ್ಟು. ತೂಕ ಸುಮಾರು 70 ಗ್ರಾಂ. ತಿಂಗಳು ತುಂಬುವ ಹೊತ್ತಿಗೆ, ಮಗುವಿನ ತೂಕ ಬಿಟ್ಟು, ಬರೀ ಗರ್ಭಕೋಶವೇ ಒಂದು ಕಿಲೋ ಆಗಿರುತ್ತದೆ. ಹೆರಿಗೆ ನೋವು ಅಂದರೆ ಈ ಸ್ನಾಯು ಬಿಗಿಯುವ ನೋವು. ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಸಡಿಲಾದಾಗ ಮಗುವಿಗೆ ರಕ್ತ ಚೆನ್ನಾಗಿ ಸಿಗುತ್ತದೆ. ಅದಕ್ಕೇ ಬೇಗ ಹೆರಿಗೆಯಾಗಲಿ ಅಂತ ಮನೆಯಲ್ಲಿ ಯಾರಿಂದಲೋ ಸೂಜಿ ಹಾಕಿಸಬಾರದು. ಗರ್ಭಕೋಶ ಬಿಡುವಿಲ್ಲದೆ ಬಿಗಿದರೆ ಮಗುವಿಗೆ ಉಸಿರು ಕಟ್ಟುತ್ತದೆ. ಗರ್ಭಕೋಶವೇ ಹರಿಯಬಹುದು.

ಮಗು ಹುಟ್ಟಿತು. ಮಾಸು ಬಿತ್ತು. ಸ್ನಾಯುವಿನ ಕೆಲಸ ಮುಗಿಯಿತೇ? ಇಲ್ಲ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ತಿಂಗಳು ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಅದನ್ನು ತಡೆಯುವುದು ಯಾರು? ಆ ಸ್ನಾಯುವೇ. ಅದರ ನಾರುಗಳು ಅಡ್ಡ, ಉದ್ದ ಹೆಣೆದುಕೊಂಡಿವೆ. ರಕ್ತನಾಳಗಳು ಅವುಗಳ ನಡುವೆ ಹಾದು ಹೋಗುತ್ತವೆ. ಸ್ನಾಯು ಬಿಗಿದಾಗ, ಚೀಲದ ಬಾಯಿಗೆ ದಾರ ಬಿಗಿದ ಹಾಗೆ, ನಾಳಗಳು ಮುಚ್ಚಿಕೊಳ್ಳುತ್ತವೆ.

ಕೆಲವು ಸಲ ಅದು ಬಿಗಿಯುವುದಿಲ್ಲ. ಹೆರಿಗೆಯಾದ ಮೇಲೆ ಹೊಕ್ಕುಳ ಹತ್ತಿರ ಮುಟ್ಟಿ ನೋಡಿದರೆ ಗರ್ಭಕೋಶ ಚೆಂಡಿನಂತೆ ಗಟ್ಟಿ ಇರಬೇಕು. ಮೆತ್ತಗಿದ್ದರೆ, ಬಟ್ಟೆಯ ಮೇಲೆ ಬಟ್ಟೆ ನೆನೆಯುತ್ತಿದ್ದರೆ ಅಪಾಯ. "ಕೆಟ್ಟ ರಕ್ತ, ಹೋಗಲಿ ಬಿಡು" ಅನ್ನುವವರು ನಮ್ಮಲ್ಲಿ ಇದ್ದಾರೆ. ಅದು ಕೆಟ್ಟ ರಕ್ತ ಅಲ್ಲ. ಅದು ಆಕೆಯ ಜೀವ. ಒಂದೆರಡು ಗಂಟೆಯಲ್ಲೇ ಪ್ರಾಣ ಹೋಗಬಹುದು. ದೊಡ್ಡವರು ಬರಲಿ, ಕೇಳೋಣ ಅಂತ ಕೂರಬಾರದು. 108ಕ್ಕೆ ಫೋನ್ ಮಾಡಬೇಕು. ಆಶಾ ಕಾರ್ಯಕರ್ತೆಯನ್ನು ಕರೆಸಬೇಕು. ಗಾಡಿ ಬರುವ ತನಕ ಬಾಣಂತಿಗೆ ಮೂತ್ರ ಮಾಡಿಸಬೇಕು. ಮಗುವನ್ನು ಎದೆಗೆ ಹಾಕಬೇಕು. ಗರ್ಭಕೋಶದ ಮೇಲೆ ಅಂಗೈಯಿಂದ ಸುತ್ತಲೂ ಒತ್ತಿ ತಿಕ್ಕುತ್ತಿರಬೇಕು, ಗಟ್ಟಿ ಆಗುವ ತನಕ.

ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ತಾಯಿಗೆ ಒಂದು ಸೂಜಿ ಹಾಕುತ್ತಾರೆ. ಸ್ನಾಯು ಬಿಗಿಯಲಿ ಅಂತಲೇ. ಔಷಧಿಯ ಹೆಸರು ಆಕ್ಸಿಟೋಸಿನ್. ಹೆಸರು ಕಷ್ಟ, ಮರೆತರೂ ಚಿಂತೆಯಿಲ್ಲ. ಮನೆಯಲ್ಲಿ ಹಾಕಿಸಬಾರದು ಅಂದೆವಲ್ಲ, ಅದೂ ಸಾಮಾನ್ಯವಾಗಿ ಇದೇ ಔಷಧಿ. ಹಾಕುವ ಹೊತ್ತು ಬೇರೆ, ಹಾಕುವವರು ಬೇರೆ.

ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಸ್ವಲ್ಪ ರಕ್ತ ಹೋದರೂ ತಡೆಯುವುದಿಲ್ಲ. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವುದು ಅದಕ್ಕೇ. ಮಲ ಕಪ್ಪಗಾಗುತ್ತದೆ ಅಂತ ನಾವು ಅದನ್ನು ತಿಪ್ಪೆಗೆ ಎಸೆಯುತ್ತೇವೆ. ಕಪ್ಪಗಾದರೆ ಆಗಲಿ ಬಿಡಿ, ಏನೂ ತೊಂದರೆ ಇಲ್ಲ.

ಇನ್ನೊಂದು ಮಾತು. ಮಗು ಹಾಲು ಕುಡಿಯುವಾಗ ಕೆಳಹೊಟ್ಟೆ ನುಲಿದ ಹಾಗೆ ಆಗುವುದು ಹೆತ್ತವರಿಗೆ ಗೊತ್ತು. ಎರಡನೆಯ, ಮೂರನೆಯ ಬಾಣಂತನದಲ್ಲಿ ಹೆಚ್ಚು. ಯಾರ ಕಣ್ಣು ಬಿತ್ತೋ ಅಂತ ಹೆದರುತ್ತೇವೆ. ಕಣ್ಣೂ ಅಲ್ಲ, ಏನೂ ಅಲ್ಲ. ಮಗು ಚೀಪಿದಾಗ ಅದೇ ಆಕ್ಸಿಟೋಸಿನ್ ತಾಯಿಯ ಮೈಯಲ್ಲಿ ತಾನೇ ಹುಟ್ಟುತ್ತದೆ. ಗರ್ಭಕೋಶ ಬಿಗಿಯುತ್ತದೆ. ಹೀಗೆ ದಿನದಿನಕ್ಕೂ ಕುಗ್ಗುತ್ತಾ ಸುಮಾರು 6 ವಾರಕ್ಕೆ ಮತ್ತೆ ಸೀಬೆಹಣ್ಣಿನಷ್ಟು ಆಗುತ್ತದೆ.