ಬೈಪಾಸ್ ಆದಮೇಲೂ ಮದ್ದೂರು ಸಿಗುತ್ತೆ



2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಮಾಡಿದ್ದು ನಿಮಗೆ ನೆನಪಿರಬಹುದು. ಮದ್ದೂರಿಗೂ ಬೈಪಾಸ್ ಬಂತು, ಮಂಡ್ಯಕ್ಕೂ ಬೈಪಾಸ್ ಬಂತು. ಕಾರುಗಳು ಊರ ತಲೆ ಮೇಲೆ ಹಾದು ಹೋಗೋಕೆ ಶುರುವಾದವು. ವಡೆ ಅಂಗಡಿಯವರು, ಹೋಟೆಲಿನವರು ವ್ಯಾಪಾರ ಬಿದ್ದುಹೋಯ್ತು ಅಂದರು. ಆದರೆ ಮದ್ದೂರು ವಡೆ ತಿನ್ನಲೇಬೇಕು ಅಂತ ಮನಸ್ಸು ಮಾಡಿದವನು ಏನು ಮಾಡ್ತಾನೆ ಹೇಳಿ? ಸರ್ವಿಸ್ ರಸ್ತೆಗೆ ಇಳೀತಾನೆ. ಹಳೇ ದಾರಿ ಹಿಡೀತಾನೆ. ಊರೊಳಗೆ ಬಂದೇ ಬರ್ತಾನೆ.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಇನ್ನೊಂದು ಬೈಪಾಸ್ ಬಗ್ಗೆ. ಹೊಟ್ಟೆಯ ಬೈಪಾಸ್. ತೂಕ ಇಳಿಸೋಕೆ ಮಾಡುವ ಬೇರಿಯಾಟ್ರಿಕ್ ಸರ್ಜರಿ.

ಇದಕ್ಕೆ ಕಾರಣ ಒಂದು ಫೋನ್. ಮಳವಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಬೇಡ, ಊರಿನ ಹೆಸರೂ ಬೇಡ. ನಾಲ್ಕು ವರ್ಷದ ಹಿಂದೆ ಅವರ ತೂಕ 112 ಕೆಜಿ. ಶುಗರ್ ಇತ್ತು, ಮಂಡಿ ನೋವಿತ್ತು. ಬೆಂಗಳೂರಿಗೆ ಹೋಗಿ ಬೈಪಾಸ್ ಮಾಡಿಸಿಕೊಂಡರು. ಒಂದೂವರೆ ವರ್ಷದಲ್ಲಿ 74 ಕೆಜಿಗೆ ಬಂದರು. ಶುಗರ್ ಮಾತ್ರೆ ನಿಂತಿತು. ಊರವರೆಲ್ಲ ಕಣ್ಣರಳಿಸಿ ನೋಡಿದರು. ಆಮೇಲೆ ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ. ಆರು ತಿಂಗಳು ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಮೇಲಕ್ಕೆ ಬಂತು. ಈಗ 81.

ಅವರು ಹೇಳಿದ ಮಾತು ಇದು: "ಅಣ್ಣ, ಹೊಲ ಅಡ ಇಟ್ಟು ಆಪರೇಷನ್ ಮಾಡಿಸ್ಕಂಡೆ. ಈಗ ಓಣೀಲಿ ತಲೆ ಎತ್ತಕಾಗಕಿಲ್ಲ. ಲಕ್ಷಗಟ್ಟಲೆ ಸುರುದ್ರೂ ಬಾಯಿ ಕಟ್ಟಕ್ಕಾಗನಿಲ್ವಾ ಅಂತಾರೆ. ಡಾಕ್ಟ್ರು ಬೈತಾರೆ ಅಂತ ಎರಡು ವರ್ಷದಿಂದ ಆಸ್ಪತ್ರೆ ಕಡೀಕೇ ಹೋಗಿಲ್ಲ."

ನನಗೆ ಕೊನೆಯ ವಾಕ್ಯ ಚುಚ್ಚಿತು. ಏಳು ಕೆಜಿ ತೂಕ ಬಂದಿದ್ದಕ್ಕಿಂತ ಅಪಾಯ ಇರೋದು ಆ ಎರಡು ವರ್ಷದಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಆ ಸುದ್ದಿ ಓದುವಾಗ ಗಂಟಲು ಕಟ್ಟಿತ್ತು. ಅವತ್ತಿನಿಂದ ಜನ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದಾರೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಚಿಕಿತ್ಸೆ, ಮೈಯ ಆಕಾರಕ್ಕೆ ಮಾಡೋದು. ಬೇರಿಯಾಟ್ರಿಕ್ ಬೇರೆ. ಇಲ್ಲಿ ಕೈ ಹಾಕೋದು ಜಠರಕ್ಕೆ, ಕರುಳಿಗೆ. ಸ್ಲೀವ್ ಅನ್ನೋ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸ್ತಾರೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆ ಗಾತ್ರದ ಪುಟ್ಟ ಚೀಲ ಮಾಡಿ, ಅದನ್ನ ನೇರವಾಗಿ ಕರುಳಿಗೆ ಜೋಡಿಸ್ತಾರೆ. ಚೆಂದ ಕಾಣೋಕೆ ಮಾಡೋ ಆಪರೇಷನ್ ಅಲ್ಲ ಇದು. 2014ರಲ್ಲಿ ಅರುಣ್ ಜೇಟ್ಲಿ ಕೇಂದ್ರದ ಹಣಕಾಸು ಸಚಿವರಾಗಿದ್ದಾಗಲೇ ಇದನ್ನ ಮಾಡಿಸಿಕೊಂಡಿದ್ದರು, ಅವರಿಗಿದ್ದದ್ದು ಸಕ್ಕರೆ ಕಾಯಿಲೆಯ ಕಾಟ.

ಸರಿ, ಹೊಟ್ಟೆ ಇಷ್ಟು ಚಿಕ್ಕದಾದ ಮೇಲೆ ತೂಕ ನಿಲ್ಲೋದು ಯಾಕೆ, ಮತ್ತೆ ಏರೋದು ಯಾಕೆ?

ನೋಡಿ, ನಮ್ಮ ದೇಹಕ್ಕೆ ನಾವು ಡಯಟ್ ಮಾಡ್ತಿದ್ದೀವೋ, ಬರಗಾಲ ಬಂದಿದೆಯೋ ಗೊತ್ತಾಗಲ್ಲ. ಅದಕ್ಕೆ ಎರಡೂ ಒಂದೇ. ತೂಕ ಇಳಿದ ತಕ್ಷಣ ಅದು ಖರ್ಚು ಕಡಿಮೆ ಮಾಡುತ್ತೆ. ಮಳೆ ಕೈಕೊಟ್ಟ ವರ್ಷ ನಮ್ಮ ತಾಯಂದಿರು ಮೂರು ಸೇರು ರಾಗಿಯನ್ನ ಎರಡು ಸೇರಿನಲ್ಲಿ ಸರಿದೂಗಿಸ್ತಿದ್ರಲ್ಲ, ಥೇಟ್ ಹಾಗೆ. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅಂತ ಒಂದು ಟಿವಿ ಶೋ ಇತ್ತು. ತೂಕ ಇಳಿಸೋ ಸ್ಪರ್ಧೆ. ಅದರಲ್ಲಿ ಭಾಗವಹಿಸಿದ 14 ಜನರನ್ನ ಆರು ವರ್ಷದ ನಂತರ ಕೆವಿನ್ ಹಾಲ್ ಅನ್ನೋ ವಿಜ್ಞಾನಿಯ ತಂಡ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿತು. ಸರಾಸರಿ 58 ಕೆಜಿ ಇಳಿಸಿದ್ದವರು 41 ಕೆಜಿ ವಾಪಸ್ ಪಡೆದಿದ್ದರು. ಅದಕ್ಕಿಂತ ಆಶ್ಚರ್ಯ ಏನಪ್ಪಾ ಅಂದ್ರೆ, ಆರು ವರ್ಷ ಕಳೆದರೂ ಅವರ ದೇಹ ಅಷ್ಟೇ ತೂಕದ, ಅಷ್ಟೇ ವಯಸ್ಸಿನ ಬೇರೆಯವರಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡ್ತಿತ್ತು. ಅಂದ್ರೆ ಒಂದು ಹೊತ್ತಿನ ಊಟ. ಇವರು ಸರ್ಜರಿ ಮಾಡಿಸಿಕೊಂಡವರಲ್ಲ, ಬೆವರು ಸುರಿಸಿ ಇಳಿಸಿದವರು. ಇವರಿಗೆ ಬಾಯಿ ಕಟ್ಟೋಕೆ ಬರಲಿಲ್ಲ ಅಂತ ಯಾರು ಹೇಳ್ತೀರಿ?

ಸರ್ಜರಿಯಲ್ಲಿ ಒಂದು ಅನುಕೂಲ ಇದೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ತಯಾರಾಗುತ್ತೆ. ಸ್ಲೀವ್ ಆದಾಗ ಆ ಭಾಗವೇ ಹೋಗುತ್ತೆ. ಬೈಪಾಸ್ ಆದಮೇಲೆ ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳೋ ಬೇರೆ ಹಾರ್ಮೋನುಗಳು ಜೋರಾಗುತ್ತವೆ. ಅದಕ್ಕೇ ಮೊದಲ ವರ್ಷ ಹಸಿವೇ ಇರಲ್ಲ. ಡಾಕ್ಟರುಗಳು ಅದನ್ನ ಹನಿಮೂನ್ ಅಂತಾರೆ. ಹನ್ನೆರಡರಿಂದ ಹದಿನೆಂಟು ತಿಂಗಳು. ಆಮೇಲೆ ಹಸಿವು ಸ್ವಲ್ಪ ಸ್ವಲ್ಪ ವಾಪಸ್ ಬರುತ್ತೆ. ಸರ್ವಿಸ್ ರಸ್ತೆ ತೆರೆಯೋದು ಅವಾಗ.

ಇನ್ನೊಂದು ನಿಲುಗಡೆ ಇದೆ, ಅದು ಬಹಳ ಬೇಗ ಬರುತ್ತೆ. ಆಪರೇಷನ್ ಆಗಿ ಮೂರನೇ ವಾರದ ಹೊತ್ತಿಗೆ ಎಷ್ಟೋ ಜನರ ತೂಕ ಒಂದಷ್ಟು ದಿನ ಹಂದಾಡಲ್ಲ. ಮೊದಲು ಹೋಗಿದ್ದು ಬಹುಪಾಲು ನೀರು, ದೇಹ ಈಗ ಲೆಕ್ಕ ಸರಿ ಮಾಡಿಕೊಳ್ತಾ ಇರುತ್ತೆ. ಗಾಬರಿ ಬೀಳಬೇಡಿ. ದಿನಾ ಬೆಳಿಗ್ಗೆ ಸಾಯಂಕಾಲ ಮಷಿನ್ ಹತ್ತೋದು ನಿಲ್ಲಿಸಿ, ವಾರಕ್ಕೊಂದು ಸಲ ಸಾಕು.

ಈಗ ಮಳವಳ್ಳಿಯ ಆ ತಂಗಿಯ ಲೆಕ್ಕಕ್ಕೆ ಬರೋಣ. ಸ್ವೀಡನ್ ದೇಶದಲ್ಲಿ 1987ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು. ಸರ್ಜರಿ ಮಾಡಿಸಿಕೊಂಡ ಎರಡು ಸಾವಿರ ಜನ, ಮಾಡಿಸಿಕೊಳ್ಳದ ಎರಡು ಸಾವಿರ ಜನ. ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿಯಿತು. ಹತ್ತು ವರ್ಷದ ಹೊತ್ತಿಗೆ ಅದು 25ಕ್ಕೆ ಬಂದು ನಿಂತಿತು. ಅಂದ್ರೆ ಸರಾಸರಿಯಲ್ಲೇ ಸ್ವಲ್ಪ ವಾಪಸ್ ಬರೋದು ಇದೆ. 112 ಕೆಜಿಗೆ ಈ ಲೆಕ್ಕ ಹಾಕಿ. ಮೊದಲು 76, ಆಮೇಲೆ 84. ನಮ್ಮ ತಂಗಿ 74ಕ್ಕೆ ಹೋಗಿ 81ರಲ್ಲಿದ್ದಾರೆ. ಇದರಲ್ಲಿ ತಲೆ ತಗ್ಗಿಸೋ ಅಂಥದ್ದು ಏನಿದೆ? ಆ ಅಧ್ಯಯನದಲ್ಲಿ ಸರ್ಜರಿ ಆದವರಲ್ಲಿ ಸಾವು ಕಡಿಮೆಯಾಗಿದ್ದೂ ಕಂಡುಬಂತು, ಆ ಸ್ವಲ್ಪ ತೂಕ ವಾಪಸ್ ಬಂದಮೇಲೂ.

ಹಾಗಂತ ಸುಮ್ಮನೆ ಬಿಡೋ ಹಾಗಿಲ್ಲ. 81 ಇದ್ದದ್ದು 95 ಆಗೋಕೆ ಬಹಳ ದಿನ ಬೇಡ. ಎಲ್ಲಿ ಸೋರ್ತಾ ಇದೆ ಅಂತ ನೋಡಬೇಕು.

ನಮ್ಮ ಕಡೆ ಅದು ಊಟದ ಎಲೆಯಲ್ಲೇ ಇದೆ. ಮಂಡ್ಯದವನಿಗೆ ಮುದ್ದೆ ಅಗಿದು ತಿನ್ನು ಅಂದ್ರೆ ನಗ್ತಾನೆ. ಮುದ್ದೆ ನುಂಗೋದು. ಸಾರಿಗೆ ಅದ್ದಿ, ಗುಳುಂ ಅನ್ನಿಸೋದು. ಆಪರೇಷನ್ ಆದವರಿಗೆ ಡಾಕ್ಟರ್ ಹೇಳೋ ಮೊದಲ ಮಾತೇ ಪ್ರತಿ ತುತ್ತೂ ಚೆನ್ನಾಗಿ ಅಗಿದು, ನಿಧಾನಕ್ಕೆ ತಿನ್ನಿ ಅನ್ನೋದು. ಹುಟ್ಟಿದಾಗಿನಿಂದ ಕಲಿತದ್ದನ್ನ ಉಲ್ಟಾ ಮಾಡಬೇಕು. ಮುದ್ದೆ ಬಿಡಿ ಅಂತ ನಾನು ಹೇಳಲ್ಲ, ಹೇಳಿದರೆ ಮಂಡ್ಯದಲ್ಲಿ ನನ್ನ ಕಾರು ನಿಲ್ಲಿಸೋಕಾಗಲ್ಲ. ಆದರೆ ಸರದಿ ಬದಲಾಗಬೇಕು. ಮೊದಲು ಮೊಟ್ಟೆ, ಕೋಳಿ, ಮೀನು, ಹುರುಳಿಕಾಳು, ಅವರೆಕಾಳು, ಮೊಸರು. ಆಮೇಲೆ ಸೊಪ್ಪು, ತರಕಾರಿ. ಜಾಗ ಉಳಿದರೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂತಾರೆ. ಒಂದು ಮೊಟ್ಟೆಯಲ್ಲಿ ಇರೋದು ಆರು ಗ್ರಾಂ. ಲೆಕ್ಕ ನೀವೇ ಹಾಕಿ.

ನಿಜವಾದ ಕಳ್ಳದಾರಿ ಮೆತ್ತಗಿನ ತಿಂಡಿ ಮತ್ತು ಸಿಹಿ ನೀರು. ಒಂದು ತುಂಡು ಕೋಳಿ ತಿಂದರೆ ಹೊಟ್ಟೆ ಬಿಗಿಯುತ್ತೆ. ಬಿಸ್ಕತ್ತು ಕಾಫಿಗೆ ಅದ್ದಿ ತಿಂದರೆ? ಇಡೀ ಪ್ಯಾಕೆಟ್ ಇಳಿಯುತ್ತೆ, ಹೊಟ್ಟೆಗೆ ಗೊತ್ತೇ ಆಗಲ್ಲ. ಚಿಪ್ಸು, ಮಿಕ್ಸ್ಚರು, ಪುಡಿ ಪುಡಿ ಮಾಡಿ ಅರ್ಧ ಗಂಟೆ ತಿಂದ ಮದ್ದೂರು ವಡೆ ಕೂಡ ಹಾಗೇ. ಕಬ್ಬಿನ ಹಾಲು ಅಂತೂ ಕೇಳಲೇಬೇಡಿ. ಸಕ್ಕರೆ ನಾಡು ನಮ್ಮದು, ಆಲೆಮನೆ ಮುಂದೆ ಹೋದರೆ ಬಿಸಿ ಬೆಲ್ಲ ಅಂಗೈಗೆ ಹಾಕದೆ ಕಳಿಸೋರು ಯಾರಿದ್ದಾರೆ? ಬೈಪಾಸ್ ಆದ ಹೊಸದರಲ್ಲಿ ಸಿಹಿ ತಿಂದರೆ ಎಷ್ಟೋ ಜನಕ್ಕೆ ಎದೆ ಡವಡವ, ಬೆವರು, ತಲೆಸುತ್ತು ಬರುತ್ತೆ. ಆ ಹೆದರಿಕೆಯೇ ಕಾವಲು. ಕೆಲವರಿಗೆ ಕಾಲ ಕಳೆದಂತೆ ಆ ತೊಂದರೆ ಕಡಿಮೆಯಾಗುತ್ತೆ, ಕಾವಲುಗಾರ ನಿದ್ದೆ ಹೋದ ಹಾಗೆ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಡಿ ಅಂತ ಹೇಳೋದೂ ಇದಕ್ಕೇ.

ಗಂಡಸರಿಗೆ ಬೇರೆಯಾಗಿ ಒಂದು ಮಾತು. ಎಣ್ಣೆ. ಆಪರೇಷನ್ ಆದ ಹೊಟ್ಟೆಯಿಂದ ಮದ್ಯ ಬಹಳ ಬೇಗ ರಕ್ತಕ್ಕೆ ಸೇರುತ್ತೆ. ಮುಂಚೆ ಮೂರು ಪೆಗ್ಗಿಗೆ ಏರುತ್ತಿದ್ದದ್ದು ಒಂದಕ್ಕೇ ಏರುತ್ತೆ. ಊಟದ ಚಟ ಹೋಗಿ ಆ ಜಾಗಕ್ಕೆ ಕುಡಿತ ಬಂದು ಕೂತವರಿದ್ದಾರೆ, ಇದು ವೈದ್ಯಕೀಯವಾಗಿ ದಾಖಲಾಗಿರೋ ವಿಷಯ. ತೂಕವನ್ನೂ ಏರಿಸುತ್ತೆ, ಮನೆಯನ್ನೂ ಹಾಳು ಮಾಡುತ್ತೆ.

ಈಗ ಆ ಎರಡು ವರ್ಷದ ವಿಷಯ. ಬೈಪಾಸ್ ಆದವರ ದೇಹ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ಹೀರಿಕೊಳ್ಳಲ್ಲ. ಮಾತ್ರೆ, ಇಂಜೆಕ್ಷನ್ ಜೀವನಪರ್ಯಂತ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಆಗಬೇಕು. ನಾನು ಆ ತಂಗಿಗೆ ಕೇಳಿದೆ, ಮಾತ್ರೆ ತಗೋತಿದ್ದೀರಾ? "ಅದು ನಿಲ್ಸಿ ಸುಮಾರು ದಿನ ಆಯ್ತಣ್ಣ." ಕಾಲು ಜೋಮು ಹಿಡಿಯುತ್ತಾ? "ಹ್ಞೂಂ, ರಾತ್ರಿ ಹೊತ್ತು." ಮಂಡಿ ನೋವಿಗೆ? "ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ಮಾತ್ರೆ ನುಂಗ್ತೀನಿ." ಬೈಪಾಸ್ ಆದವರು ನೋವಿನ ಮಾತ್ರೆಗಳಲ್ಲಿ ಹಲವನ್ನ ಮುಟ್ಟಲೇಬಾರದು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತೆ. ಇದನ್ನ ಆಪರೇಷನ್ ದಿನ ಹೇಳಿರ್ತಾರೆ. ನಾಲ್ಕು ವರ್ಷದ ಮೇಲೆ ಯಾರಿಗೆ ನೆನಪಿರುತ್ತೆ? ನೋಡಿ, ಓಣಿಯವರ ಕೊಂಕು ಮಾತು ಒಬ್ಬ ಹೆಣ್ಣುಮಗಳನ್ನ ಎಲ್ಲಿಗೆ ತಂದು ನಿಲ್ಲಿಸಿದೆ!

ಈ ಕೊಂಕಿಗೆ ನಾವೂ ಕಾರಣ. ಒಪ್ಪಿಕೊಳ್ತೀನಿ. ಭಾನುವಾರ ಬೆಳಿಗ್ಗೆ ಟಿವಿ ಹಾಕಿದರೆ ಕಾಸು ಕೊಟ್ಟು ಮಾಡಿಸಿದ ಆರೋಗ್ಯ ಕಾರ್ಯಕ್ರಮಗಳು. ಎಡಗಡೆ ದಪ್ಪ ಫೋಟೋ, ಬಲಗಡೆ ಸಣ್ಣ ಫೋಟೋ. ಆ ಬಲಗಡೆ ಫೋಟೋ ಮೊದಲ ವರ್ಷದ್ದು, ಹನಿಮೂನಿನದ್ದು. ಐದನೇ ವರ್ಷದ ಫೋಟೋ ಯಾರೂ ತೋರಿಸಲ್ಲ. ತೋರಿಸಿದ್ದರೆ ಏಳು ಕೆಜಿ ವಾಪಸ್ ಬಂದಾಗ ಜನಕ್ಕೆ ಅದು ಸೋಲು ಅನ್ನಿಸ್ತಿರಲಿಲ್ಲ.

ಹಾಗಾದ್ರೆ ಏನು ಮಾಡಬೇಕು? ಹಳೇ ಫೈಲ್ ಹಿಡಿದು ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಬೇಕು, ಮೂರು ಕೆಜಿ ಏರಿದಾಗಲೇ. ಥೈರಾಯ್ಡ್ ನೋಡ್ತಾರೆ. ನೀವು ನುಂಗ್ತಿರೋ ಬೇರೆ ಮಾತ್ರೆ ನೋಡ್ತಾರೆ, ಸ್ಟಿರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತೆ. ನಿದ್ದೆ ಹೇಗಿದೆ ಕೇಳ್ತಾರೆ. ಬೇಕಾದರೆ ಎಂಡೋಸ್ಕೋಪಿ ಮಾಡಿ ಚೀಲ ಹಿಗ್ಗಿದೆಯಾ ನೋಡ್ತಾರೆ. ಎಲ್ಲ ಮುಗಿದ ಮೇಲೆ, ಕೆಲವರಿಗೆ ಮಾತ್ರ, ಎರಡನೇ ಆಪರೇಷನ್. ಮೊದಲನೆಯದಕ್ಕಿಂತ ಅದರ ರಿಸ್ಕ್ ಜಾಸ್ತಿ. 2025ರಲ್ಲಿ ನಮ್ಮ ದೇಶಕ್ಕೆ ಮೌಂಜಾರೊ, ವಿಗೋವಿ ಅಂತ ವಾರಕ್ಕೊಂದು ಚುಚ್ಚುವ ಇಂಜೆಕ್ಷನ್‌ಗಳು ಬಂದಿವೆ. ತೂಕ ಮರಳಿದವರಿಗೂ ಡಾಕ್ಟರುಗಳು ಇವನ್ನ ಕೊಡ್ತಾರೆ. ಕೆಲಸ ಮಾಡ್ತವೆ, ದುಬಾರಿ, ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್. ಅಂಗಡಿಯಲ್ಲಿ ಕೇಳಿ ತಂದು ಚುಚ್ಚಿಕೊಳ್ಳೋ ವಸ್ತು ಅಲ್ಲ.

ನಡಿಗೆ ಜೊತೆ ಸ್ವಲ್ಪ ಭಾರ ಎತ್ತೋ ಕೆಲಸವೂ ಬೇಕು. ತೂಕದ ಜೊತೆ ಮಾಂಸಖಂಡವೂ ಕರಗಿರುತ್ತೆ, ಖಂಡ ಇದ್ದರೆ ತಾನೇ ದೇಹ ಖರ್ಚು ಮಾಡೋದು. ಜಿಮ್ ಇಲ್ಲ ಅನ್ನಬೇಡಿ, ಎರಡು ಬಿಂದಿಗೆ ನೀರಿದೆಯಲ್ಲ.

ಫೋನ್ ಇಡೋ ಮುಂಚೆ ಆ ತಂಗಿ ಕೇಳಿದರು: "ಬರೋ ವಾರ ಅಕ್ಕನ ಮಗಳ ಬೀಗರ ಊಟ ಐತೆ. ಹೋಗ್ಲಾ, ಬ್ಯಾಡ್ವಾ?" ಹೋಗಿ ತಾಯಿ, ಅಂದೆ. ಎಲೆ ಮುಂದೆ ಕೂತು ಮಾಂಸದ ತುಂಡು ನಿಧಾನಕ್ಕೆ ಅಗಿದು ತಿನ್ನಿ. "ಒಸಿ ಉಣ್ಣವ್ವ, ಇಷ್ಟೇನಾ" ಅಂತ ಬಡಿಸೋರು ಬಂದಾಗ ಎಲೆ ಮೇಲೆ ಕೈ ಅಡ್ಡ ಇಡಿ. ಅದಕ್ಕೂ ಮುಂಚೆ ಫೈಲ್ ಹುಡುಕಿ ಆಸ್ಪತ್ರೆಗೆ ಹೋಗಿ ಬನ್ನಿ. ಫೈಲ್ ಎಲ್ಲಿದೆ?

"ಬೀರೂಲಿ, ಸೀರೆ ಕೆಳಗೆ ಬಚ್ಚಿಟ್ಟಿವ್ನಿ ಕಣಣ್ಣ. ಸ್ವಾಮಾರ ಬಸ್ಸು ಹತ್ತೀನಿ."

ಸೋಮವಾರ ಸಂಜೆ ಫೋನ್ ಮಾಡಿ, ರಿಪೋರ್ಟಿನಲ್ಲಿ ಬಿ12 ಎಷ್ಟಿದೆ ಹೇಳಿ ಅಂದಿದ್ದೀನಿ. ಕಾಯ್ತಾ ಇದ್ದೀನಿ.